ಭಯ ಇಲ್ಲದ್ದಕ್ಕಲ್ಲ, ಇರುವುದಕ್ಕೇ ಪರೀಕ್ಷೆಗೆ ಬರುವುದಿಲ್ಲ

ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಿದ್ದೂ ವರ್ಷಗಟ್ಟಲೆ ರಕ್ತ ಪರೀಕ್ಷೆ ಮಾಡಿಸದವರನ್ನು ಮನೆಯವರು ಆಗಾಗ ನನ್ನ ಬಳಿ ಆಪ್ತಸಲಹೆಗೆ ಕರೆತರುತ್ತಾರೆ. ‘ಎಷ್ಟು ಹೇಳಿದ್ರೂ ಭಯಾನೇ ಇಲ್ಲ ಮೇಡಂ’ ಅನ್ನುವುದು ಎಲ್ಲರ ದೂರು. ನಾನು ಕಂಡಂತೆ ಅವರಲ್ಲಿ ತುಂಬಿರುವುದು ಭಯವೇ. ಅಂಥ ಒಬ್ಬರ ವಿಷಯ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಐವತ್ತು ದಾಟಿದ ಹೆಂಗಸು, ರಾಜಾಜಿನಗರದ ಕಡೆಯವರು, ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಕರೆತಂದವರು ಮಗಳು. ಮನೆಯಲ್ಲೇ ಸಕ್ಕರೆ ನೋಡಿಕೊಳ್ಳಲೆಂದು ತಾನು ತಂದುಕೊಟ್ಟ ಗ್ಲುಕೋಮೀಟರ್ ರಾಗಿಹಿಟ್ಟಿನ ಡಬ್ಬದ ಹಿಂದೆ ಸಿಕ್ಕಿತಂತೆ, ಸೀಲು ಕೂಡ ಒಡೆದಿರಲಿಲ್ಲ. ಅಮ್ಮ ನಡುರಾತ್ರಿ ಎದ್ದು ಕೂತು ಕಾಲು ಸವರಿಕೊಳ್ಳುತ್ತಾರೆ, ಕೇಳಿದರೆ ‘ಏನಿಲ್ಲ, ಮಲ್ಕೋ’ ಅನ್ನುತ್ತಾರೆ.

ಮೊದಲ ಭೇಟಿಯಲ್ಲಿ ಬಾಯೇ ಬಿಡಲಿಲ್ಲ. ಮುಂದಿನ ಸಲ ಮಗಳನ್ನು ಹೊರಗೆ ಕೂರಿಸಿ, ಕಾಲಿಗೇನಾಗಿದೆ ಎಂದು ಕೇಳಿದೆ. ಪರ್ಸಿನಿಂದ ಮಡಚಿಟ್ಟ ಕರಪತ್ರವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಬಡಾವಣೆಯ ತಪಾಸಣಾ ಶಿಬಿರದಲ್ಲಿ ಹಂಚಿದ್ದು. ಕೊಳೆತ ಪಾದದ ಬಣ್ಣದ ಚಿತ್ರ, ಮೇಲೆ ‘ಸದ್ದಿಲ್ಲದ ಕೊಲೆಗಾರ’, ಕೆಳಗೆ ‘ಇಂದು ನಿರ್ಲಕ್ಷಿಸಿದರೆ ನಾಳೆ ಕಾಲಿಲ್ಲ, ಕಣ್ಣಿಲ್ಲ, ಕಿಡ್ನಿಯಿಲ್ಲ’. ಮಡಿಕೆಯ ಗೆರೆಯಲ್ಲಿ ಕಾಗದ ಹರಿದುಹೋಗಿತ್ತು. ಎಷ್ಟು ಸಲ ಬಿಚ್ಚಿ ಓದಿದ್ದರೋ.

‘ನಾಲ್ಕು ವರ್ಷದಿಂದ ಮಾತ್ರೆ ಸರಿಯಾಗಿ ತಗೊಂಡಿಲ್ಲ ಮೇಡಂ. ನಿರ್ಲಕ್ಷ್ಯ ಆಗ್ಲೇ ಮಾಡಾಯ್ತಲ್ಲ. ಈಗ ಟೆಸ್ಟ್ ಮಾಡಿಸಿದ್ರೆ ಕಾಲು ಯಾವಾಗ ಹೋಗುತ್ತೆ ಅಂತ ತಾನೇ ಹೇಳೋದು? ಹೋಗೋವರೆಗೂ ಓಡಾಡ್ಕೊಂಡಿರ್ತೀನಿ ಬಿಡಿ.’

ಕರಪತ್ರವನ್ನು ತಿರುಗಿಸಿ ನೋಡಿದೆ. ಹಿಂಬದಿ ತುಂಬ ಪ್ರಾಯೋಜಕರ ಫೋಟೊಗಳು. ಎಲ್ಲಿಗೆ ಹೋಗಬೇಕು, ಎಷ್ಟು ಖರ್ಚಾಗುತ್ತದೆ, ಈಗಲಾದರೂ ಶುರು ಮಾಡಿದರೆ ಏನು ಉಳಿಯುತ್ತದೆ ಎಂಬ ಬಗ್ಗೆ ಒಂದಕ್ಷರವಿಲ್ಲ.

‘ಹೆದರಿಸದೆ ನಮ್ಮ ಜನ ಕೇಳ್ತಾರೇನ್ರೀ?’ ಎಂದು ವೈದ್ಯ ಮಿತ್ರರು ನನ್ನನ್ನು ಗದರುವುದುಂಟು. ಹೆದರಿಸಲೇಬಾರದು ಎಂದು ನಾನೂ ಹೇಳುವುದಿಲ್ಲ. ಸಿಗರೇಟು ಪ್ಯಾಕಿನ ಶೇ 85ರಷ್ಟು ಜಾಗದಲ್ಲಿ 2016ರಿಂದ ಎಚ್ಚರಿಕೆ ಇದೆ, ಚಿತ್ರವಂತೂ ಕಣ್ಣಿಟ್ಟು ನೋಡುವಂಥದ್ದಲ್ಲ. ಆದರೆ 2018ರಿಂದ ಅದೇ ಪ್ಯಾಕಿನಲ್ಲಿ, ಇಂದೇ ಬಿಡಿ ಎಂಬ ಮಾತಿನ ಜೊತೆಗೆ 1800-11-2356 ಎಂಬ ಸಹಾಯವಾಣಿ ಸಂಖ್ಯೆಯೂ ಇದೆ. ಸಂವಹನ ತಜ್ಞೆ ಕಿಮ್ ವಿಟ್ಟೆ 1992ರಲ್ಲೇ ಇದನ್ನು ವಿವರಿಸಿದ್ದಾರೆ: ಅಪಾಯ ದೊಡ್ಡದು, ನನ್ನ ಕೈಲೇನೂ ಆಗದು ಅನ್ನಿಸಿದಾಗ ಮನುಷ್ಯ ಅಪಾಯವನ್ನು ಬಿಟ್ಟು ಭಯವನ್ನು ಅಡಗಿಸಲು ಹೊರಡುತ್ತಾನೆ. ಮೀಟರು ಡಬ್ಬದ ಹಿಂದೆ ಹೋದದ್ದು ಹಾಗೆ.

‘ಏನೂ ಆಗಲ್ಲ’ ಎಂದು ನಾನು ಧೈರ್ಯ ಹೇಳಲಿಲ್ಲ, ಅದು ಸುಳ್ಳಾಗುತ್ತಿತ್ತು. ಹೇಗೂ ಕಾಲು ಸವರಿಕೊಳ್ಳುತ್ತೀರಲ್ಲ, ಅದನ್ನೇ ಮಲಗುವ ಮುಂಚೆ ಲೈಟ್ ಹಾಕಿಕೊಂಡು ಮಾಡಿ ಎಂದೆ. ಬೆರಳ ಸಂದು, ಹಿಮ್ಮಡಿ, ಅಂಗಾಲು ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ಕನ್ನಡಿ ಹಿಡಿಯಿರಿ. ಗಾಯ, ಗುಳ್ಳೆ ಕಂಡರೆ ಅಂದೇ ಡಾಕ್ಟರಿಗೆ ತೋರಿಸಿ. ಸಕ್ಕರೆ ನೋಡಿಸಲು ಸರ್ಕಾರದ ‘ನಮ್ಮ ಕ್ಲಿನಿಕ್’ನಲ್ಲಿ ದುಡ್ಡು ಕೊಡಬೇಕಿಲ್ಲ. ಎಚ್‌ಬಿಎ1ಸಿ ಪರೀಕ್ಷೆಯೂ ರಕ್ತದಲ್ಲಿನ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿಯನ್ನಷ್ಟೇ ಹೇಳುತ್ತದೆ, ನಾಲ್ಕು ವರ್ಷದ ತಪ್ಪಿನ ಪಟ್ಟಿ ಓದುವುದಿಲ್ಲ.

‘ಮೂರೇ ತಿಂಗಳದಾ?’ ಎಂದು ಮತ್ತೆ ಮತ್ತೆ ಕೇಳಿದರು. ಹೌದು, ಆದರೆ ಕಣ್ಣು, ಕಿಡ್ನಿಗೆ ಬೇರೆ ಪರೀಕ್ಷೆಗಳಿವೆ, ಅವನ್ನೂ ಮಾಡಿಸಬೇಕು ಎಂದೆ. ಆಗಲಿ ಅಂದರು.

ಮಗಳಿಗೆ ಹೇಳಿದ್ದಿಷ್ಟು: ಬೆಳಗೆದ್ದರೆ ‘ಶುಗರ್ ಎಷ್ಟಮ್ಮ?’ ಅನ್ನಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಹೆದರಿಸುವ ವಿಡಿಯೊ ಕಳಿಸಬೇಡಿ, ಸಂಜೆ ಜೊತೆಯಲ್ಲಿ ವಾಕಿಂಗ್ ಹೋಗಿ. ಅವರಿಗೆ ಸಿಟ್ಟು ಬಂತು. ‘ಅಂದ್ರೆ ನಂದೇ ತಪ್ಪಾ?’ ಅಂದರು. ಆ ಸಿಟ್ಟಿಗೆ ಪ್ರತ್ಯೇಕ ಭೇಟಿಯೇ ಬೇಕಾಯಿತು.

ಶಿಬಿರ ನಡೆಸಿದವರಿಗೂ ಫೋನ್ ಮಾಡಿ, ಚಿತ್ರದ ಕೆಳಗೆ ಹತ್ತಿರದ ಕ್ಲಿನಿಕ್ಕಿನ ವಿಳಾಸವನ್ನಾದರೂ ಹಾಕಿ ಎಂದೆ. ‘ಮುಂದಿನ ಸಲ ನೋಡೋಣ ಮೇಡಂ’ ಅಂದರು. ಹಳೆಯದೇ ಇನ್ನೂ ಎರಡು ಕಟ್ಟು ಉಳಿದಿದೆಯಂತೆ.