ಮೈಕ್ರೋಆರ್‌ಎನ್‌ಎ ಬಳಸಿ ಸೊಳ್ಳೆಯಿಂದ ಹರಡೋ ರೋಗಗಳನ್ನು ತಡೆಯೋಕಾಗುತ್ತಾ?

ಆಗುತ್ತೆ ಅನ್ನೋದಕ್ಕೆ ಪ್ರಯೋಗಾಲಯದ ಮಟ್ಟಿಗೆ ಪುರಾವೆ ಇದೆ. ಆದರೆ ಅದನ್ನು ಸೊಳ್ಳೆ ಔಷಧಿ ಥರ ಸಿಂಪಡಿಸೋಕೆ ಇನ್ನೂ ಆಗಲ್ಲ. ಬೇಗ ಆಗುತ್ತೆ ಅಂತಲೂ ನನಗೆ ಅನ್ನಿಸ್ತಿಲ್ಲ.

ಮೈಕ್ರೋಆರ್‌ಎನ್‌ಎ ಅಂದ್ರೆ ಸುಮಾರು 22 ಅಕ್ಷರ ಉದ್ದದ ಚಿಕ್ಕ ಆರ್‌ಎನ್‌ಎ ತುಣುಕು. ಅದರಿಂದ ಪ್ರೋಟೀನ್ ತಯಾರಾಗಲ್ಲ. ಪ್ರೋಟೀನ್ ತಯಾರಿಸೋ ಸೂಚನೆ ಹೊರೋ, ತನಗೆ ಹೊಂದೋ ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು, ಅದರಿಂದ ಪ್ರೋಟೀನ್ ಆಗದ ಹಾಗೆ ತಡೆಯೋದೇ ಅದರ ಕೆಲಸ. 1993ರಲ್ಲಿ ಇದು ಮೊದಲು ಸಿಕ್ಕಿದ್ದು ಒಂದು ಪುಟ್ಟ ಹುಳುವಿನಲ್ಲಿ. ಅದಕ್ಕೇ ವಿಜ್ಞಾನಿಗಳಾದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್‌ಗೆ 2024ರಲ್ಲಿ ನೊಬೆಲ್ ಬಂತು.

ಸೊಳ್ಳೆಯ ವಿಷಯದಲ್ಲಿ ಎಲ್ಲ ನಿಂತಿರೋದು ರಕ್ತದ ಊಟದ ಮೇಲೆ. ಕಚ್ಚೋದು ಹೆಣ್ಣು ಮಾತ್ರ, ಅದೂ ಮೊಟ್ಟೆಗೋಸ್ಕರ. ರಕ್ತ ಹೊಟ್ಟೆಗೆ ಬಿದ್ದ ಕೂಡಲೇ ಅದರ ಮೈಯೊಳಗೆ ನೂರಾರು ಜೀನ್‌ಗಳು ಒಂದು ಕ್ರಮದಲ್ಲಿ ಶುರುವಾಗಿ, ಕ್ರಮವಾಗಿ ನಿಲ್ಲಬೇಕು. ಆ ಕ್ರಮ ಕಾಯೋದರಲ್ಲಿ ಮೈಕ್ರೋಆರ್‌ಎನ್‌ಎಗಳಿಗೆ ದೊಡ್ಡ ಪಾಲಿದೆ. ಡೆಂಗಿ ಹರಡೋ ಈಡಿಸ್ ಈಜಿಪ್ಟಿಯಲ್ಲಿ ಮಿರ್-275 ಅನ್ನೋ ಮೈಕ್ರೋಆರ್‌ಎನ್‌ಎ ಕೆಲಸ ಮಾಡದ ಹಾಗೆ ತಡೆದು ನೋಡಿದಾಗ ಸೊಳ್ಳೆ ರಕ್ತವನ್ನೇನೋ ಕುಡೀತು, ಆದರೆ ಅದು ಸರಿಯಾಗಿ ಜೀರ್ಣವಾಗಲಿಲ್ಲ, ಹೆಚ್ಚಿನ ನೀರು ಹೊರಗೆ ಹೋಗಲಿಲ್ಲ, ಮೊಟ್ಟೆಗಳೂ ಬೆಳೀಲಿಲ್ಲ. ಮಿರ್-1174 ಇನ್ನೂ ಕುತೂಹಲದ್ದು: ಅದು ಸೊಳ್ಳೆಗಳಲ್ಲಿ ಮಾತ್ರ ಇರೋದು, ಕರುಳಲ್ಲಿ ಕೆಲಸ ಮಾಡೋದು. ಜೇನುನೊಣಕ್ಕೋ ಚಿಟ್ಟೆಗೋ ಏಟು ಬೀಳಬಾರದು ಅನ್ನೋರು ಇಂಥದ್ದನ್ನೇ ಹುಡುಕಬೇಕು.

ತೊಡಕಿರೋದು ತಲುಪಿಸೋದರಲ್ಲಿ. ಆ ಪ್ರಯೋಗಗಳಲ್ಲಿ ಒಂದೊಂದು ಸೊಳ್ಳೆಯನ್ನೂ ಪ್ರಜ್ಞೆ ತಪ್ಪಿಸಿ, ಕೂದಲಿಗಿಂತ ಸಣ್ಣ ಗಾಜಿನ ಸೂಜಿಯಿಂದ ಆ ಮೈಕ್ರೋಆರ್‌ಎನ್‌ಎಯನ್ನು ತಡೆಯೋ ವಸ್ತುವನ್ನು ಎದೆಭಾಗಕ್ಕೆ ಚುಚ್ಚಬೇಕು. ಹೊರಗಿನ ಸೊಳ್ಳೆಗಳಿಗೆ ಇದನ್ನು ಮಾಡೋರು ಯಾರು?

ಅದಕ್ಕೇ ನನಗೆ ಹೆಚ್ಚು ಭರವಸೆ ಇರೋದು ಸೊಳ್ಳೆಯ ಜೀನೋಮ್‌ನಲ್ಲೇ (ಅದರ ಎಲ್ಲ ಜೀನ್‌ಗಳ ಒಟ್ಟು ಬರಹದಲ್ಲೇ) ಇಂಥ ಸಣ್ಣ ಆರ್‌ಎನ್‌ಎ ತಯಾರಿಸೋ ಸೂಚನೆ ಬರೆಯೋ ದಾರಿಯಲ್ಲಿ. 2019ರಲ್ಲಿ ಕ್ಯಾಲಿಫೋರ್ನಿಯಾದ ಒಮರ್ ಅಕ್ಬರಿ ತಂಡ ಝೀಕಾ ವೈರಸ್ಸಿನ ಹಲವು ಜಾಗಗಳನ್ನು ಒಟ್ಟಿಗೇ ಹಿಡಿಯೋ ಕೃತಕ ಸಣ್ಣ ಆರ್‌ಎನ್‌ಎಗಳ ಗೊಂಚಲನ್ನು ಈಡಿಸ್‌ಗೆ ಸೇರಿಸಿ, ಝೀಕಾ ತಡೆಯೋ ಸೊಳ್ಳೆ ತಯಾರು ಮಾಡ್ತು. ಇಲ್ಲಿ ಸೊಳ್ಳೆ ಸಾಯಲ್ಲ, ಕಚ್ಚೋದೂ ಬಿಡಲ್ಲ, ವೈರಸ್ ಮಾತ್ರ ಮುಂದೆ ದಾಟಲ್ಲ. ಆದರೆ ಜೀನ್ ತಾನಾಗಿ ಹರಡಲ್ಲ, ಅದನ್ನು ಹೊರಗಿನ ಸೊಳ್ಳೆಗಳೊಳಗೆ ನುಗ್ಗಿಸೋಕೆ ಇನ್ನೊಂದು ತಂತ್ರ ಬೇಕು. ಡೆಂಗಿ ತಡೆಯೋಕೆ ಮೊದಲು ಮಾಡಿದ್ದ ಇಂಥದ್ದೇ ಒಂದು ತಳಿ ಕೆಲವು ತಲೆಮಾರು ಕಳೆದ ಮೇಲೆ ಆ ಗುಣವನ್ನೇ ಕಳೆದುಕೊಂಡಿತ್ತು. ಈ ವಿಷಯದ ಸುದ್ದಿಗಳಲ್ಲಿ ಇದು ಅಷ್ಟಾಗಿ ಕಾಣಿಸಲ್ಲ.

ಸೊಳ್ಳೆಯನ್ನು ಮುಟ್ಟದ ಉಪಾಯವೂ ಒಂದಿದೆ, ನನಗೆ ಅದೇ ಜಾಣತನದ್ದು ಅನ್ನಿಸುತ್ತೆ. ಜೀವಂತ ಆದರೆ ದುರ್ಬಲಗೊಳಿಸಿದ ವೈರಸ್ಸಿನ ಲಸಿಕೆಗಳಲ್ಲಿ ಒಂದು ಅಳುಕಿರುತ್ತೆ: ಲಸಿಕೆ ಹಾಕಿಸಿಕೊಂಡವರ ರಕ್ತ ಕುಡಿದ ಸೊಳ್ಳೆ ಆ ವೈರಸ್ಸನ್ನೇ ಹರಡಿದರೆ? ಹಾಗಾಗಿ ಸೊಳ್ಳೆಯ ಮೈಕ್ರೋಆರ್‌ಎನ್‌ಎ ಬಂದು ಅಂಟಿಕೊಳ್ಳೋ ಗುರುತನ್ನು ಪ್ರಯೋಗಗಳಲ್ಲಿ ಲಸಿಕೆ ವೈರಸ್ಸಿನೊಳಗೇ ಸೇರಿಸಿಡ್ತಾರೆ. ಸೊಳ್ಳೆಯ ಹೊಟ್ಟೆ ಸೇರಿದ ಮೇಲೆ ಅದು ಬೆಳೆಯೋಕೇ ಆಗಬಾರದು ಅನ್ನೋದು ಲೆಕ್ಕ. ಗುರುತು ಒಂದೇ ಇದ್ದರೆ ವೈರಸ್ ರೂಪಾಂತರದಲ್ಲಿ ಅದನ್ನು ಕಳಚಿಕೊಂಡುಬಿಡಬಹುದು, ಅದಕ್ಕೆ ಜೀನೋಮ್‌ನ ಬೇರೆ ಬೇರೆ ಕಡೆ ಹಾಕಬೇಕಾಗುತ್ತೆ.