ಪ್ರಶ್ನೋತ್ತರ: ಸುರಂಗದ ಕತ್ತಲಲ್ಲಿ ಬಣ್ಣದ ಬೆಳಕು

ಪ್ರಶ್ನೆ: ಕತ್ತಲಲ್ಲಿ ದೀಪ ಬೀಸಿ ಫೋಟೊದಲ್ಲಿ ಬೆಳಕಿನ ಚಿತ್ರ ಬಿಡಿಸುವ ಲೈಟ್ ಪೇಂಟಿಂಗ್ ಮಾಡುತ್ತಿದ್ದೇನೆ. ನೆಲಮಾಳಿಗೆಯಲ್ಲಿ ಕ್ಯಾಮೆರಾದ ಶಟರ್ 30 ಸೆಕೆಂಡ್ ತೆರೆದಿಟ್ಟು ಕೆಂಪು ಎಲ್‌ಇಡಿ ಪಟ್ಟಿ ತಿರುಗಿಸಿದರೆ ಗೆರೆ ನಡುವೆ ಬೆಳ್ಳಗೆ, ಅಂಚಿನಲ್ಲಷ್ಟೇ ಕೆಂಪಗೆ ಬರುತ್ತದೆ. 15 ಸೆಕೆಂಡಿಗೆ ಇಳಿಸಿದರೂ ಅದೇ ಕಥೆ. ಗೋಡೆಗೆ ಹಾಯಿಸಿದ ಬಣ್ಣವೂ ಪೇಲವ.

ಉತ್ತರ: ಸಮಯ ಇಳಿಸಿ ಉಪಯೋಗವಿಲ್ಲ. ಓಡುವ ದೀಪ ಸೆನ್ಸರಿನ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕ) ಒಂದೊಂದು ಬಿಂದುವಿನ ಮೇಲೂ ಕ್ಷಣಮಾತ್ರ ಬಿದ್ದು ಮುಂದೆ ಹೋಗುತ್ತದೆ. ಹಾಗಾಗಿ ಶಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದು ಗೆರೆಗೆ ಲೆಕ್ಕಕ್ಕೇ ಇಲ್ಲ. ಗೆರೆಯ ಕಾಂತಿಯನ್ನು ನಿರ್ಧರಿಸುವುದು ದೀಪದ ಪ್ರಖರತೆ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಮತ್ತು ನಿಮ್ಮ ಕೈಯ ವೇಗ. ಸೆನ್ಸರಿನ ಕೆಂಪು ಚಾನೆಲ್ (ಕೆಂಪು ಬೆಳಕು ದಾಖಲಿಸುವ ಪಾಲು) ತುಂಬಿ ತುಳುಕಿದ ಮೇಲೂ ಬೆಳಕು ಸುರಿಯುತ್ತಿದ್ದರೆ ಹಸಿರು, ನೀಲಿಯೂ ತುಂಬಿ ಬಿಳಿಯಾಗುತ್ತದೆ. ಐಎಸ್‌ಒ 100 ಇಟ್ಟು ಎಫ್ 8ರಿಂದ ಶುರುಮಾಡಿ, ಎಫ್ 11, ಎಫ್ 16 ಎಂದು ಸಂಖ್ಯೆ ಏರಿಸಿ ಕಿಂಡಿ ಕಿರಿದಾಗಿಸುತ್ತ ಬನ್ನಿ. ಮೂರೂ ಬಣ್ಣ ಬೇರೆಬೇರೆಯಾಗಿ ತೋರುವ ಹಿಸ್ಟೋಗ್ರಾಂ (ಬೆಳಕಿನ ಮಟ್ಟಗಳ ನಕ್ಷೆ) ನೋಡಿ. ಒಟ್ಟು ಹಿಸ್ಟೋಗ್ರಾಂ ಈ ವಿಷಯದಲ್ಲಿ ಮೋಸಮಾಡುತ್ತದೆ.

ಗೋಡೆಯ ಲೆಕ್ಕ ಬೇರೆ. ಅಲ್ಲಿ ಟಾರ್ಚ್ ಎಷ್ಟು ಹೊತ್ತು ಹಾಯಿಸಿದಿರಿ ಎಂಬುದೇ ಮುಖ್ಯ. 2 ಮೀಟರ್ ದೂರದ ಗೋಡೆಗೆ 5 ಸೆಕೆಂಡ್ ಸಾಕಾದರೆ, 4 ಮೀಟರಿನದಕ್ಕೆ 20 ಸೆಕೆಂಡ್ ಬೇಕು. ಟಾರ್ಚಿಗೆ ಬಣ್ಣದ ಜಿಲೆಟಿನ್ ಪೇಪರ್ ಸುತ್ತುವಾಗ ಸಂದಿಯಲ್ಲಿ ಬಿಳಿ ಬೆಳಕು ಸೋರದಂತೆ ಕಪ್ಪು ಟೇಪ್ ಹಚ್ಚಿ. ಪೇಲವ ಬಣ್ಣಕ್ಕೆ ಅರ್ಧ ಕಾರಣ ಈ ಸೋರಿಕೆಯೇ. ಗಾಢ ನೀಲಿ ಹಾಳೆ ಬಹಳಷ್ಟು ಬೆಳಕು ನುಂಗುತ್ತದೆ, ಅದಕ್ಕೆ ಹೆಚ್ಚು ಸಮಯ ಕೊಡಿ. ಕೆಂಪು, ಹಸಿರು ಒಂದೇ ಜಾಗಕ್ಕೆ ಬಿದ್ದರೆ ಹಳದಿಯಾಗುತ್ತದೆ. ಬಲ್ಬ್ ಮೋಡ್‌ನಲ್ಲಿ (ಬೇಕಾದಷ್ಟು ಹೊತ್ತು ಶಟರ್ ತೆರೆದಿಡುವ ವಿಧಾನ) ಬಣ್ಣ ಬದಲಿಸುವಾಗ ಟಾರ್ಚ್ ಆರಿಸಿ, ಲೆನ್ಸಿಗೆ ತಾಗದಂತೆ ಕಪ್ಪು ರಟ್ಟು ಅಡ್ಡ ಹಿಡಿಯಿರಿ. ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ ಹೊಂದಿಸುವ ಸೆಟ್ಟಿಂಗ್) ಆಟೋದಲ್ಲಿ ಬಿಡಬೇಡಿ, 5200 ಕೆಲ್ವಿನ್ ಸುಮಾರಿಗೆ ಕಟ್ಟಿಹಾಕಿ, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ) ತೆಗೆಯಿರಿ.

ಪ್ರಶ್ನೆ: ದೀಪದ ಗೆರೆ ನೇರವಾಗಿ ಬರದೆ ತುಂಡುತುಂಡಾಗಿ ಬರುತ್ತದೆ. ಕ್ಯಾಮೆರಾ ದೋಷವೇ?

ಉತ್ತರ: ಅಲ್ಲ, ದೀಪದ್ದು. ಅನೇಕ ಎಲ್‌ಇಡಿಗಳು ಮಂದ ಮಟ್ಟದಲ್ಲಿ ನಿಜಕ್ಕೂ ಮಂದವಾಗುವುದಿಲ್ಲ. ಕಣ್ಣಿಗೆ ಕಾಣದಷ್ಟು ವೇಗವಾಗಿ ಹೊತ್ತಿ ಆರುತ್ತಿರುತ್ತವೆ. ಸೆಕೆಂಡಿಗೆ 200 ಬಾರಿ ಮಿನುಗುವ ದೀಪವನ್ನು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಬೀಸಿದರೆ 2 ಸೆಂಟಿಮೀಟರಿಗೊಂದು ತುಂಡು. ಪೂರ್ಣ ಪ್ರಕಾಶಕ್ಕಿಟ್ಟು, ಹೆಚ್ಚಾದ ಬೆಳಕನ್ನು ಅಪರ್ಚರಿನಲ್ಲಿ ಕಡಿಮೆ ಮಾಡಿಕೊಳ್ಳಿ. ಕೆಲವರಿಗೆ ಆ ಚುಕ್ಕಿ ಸಾಲೇ ಇಷ್ಟವಾಗುತ್ತದೆ, ಅದು ಬೇರೆ ಮಾತು.

ಪ್ರಶ್ನೆ: ಗುಹೆಯಲ್ಲಿ ಚಿತ್ರವೆಲ್ಲ ಮಂಜುಮಂಜು. ಫೋಕಸ್ ತಪ್ಪಿದೆಯೇ?

ಉತ್ತರ: ಫೋಕಸ್ ತಪ್ಪಿರಬಹುದು, ಲೆನ್ಸ್ ಮೇಲೆ ತೇವವೂ ಕೂತಿರಬಹುದು. ಮೊದಲು ವಸ್ತುವಿನ ಮೇಲೆ ಟಾರ್ಚ್ ಬಿಟ್ಟು ಫೋಕಸ್ ಮಾಡಿ, ತಕ್ಷಣ ಮ್ಯಾನುಯಲ್‌ಗೆ ಹಾಕಿ. ಗುಹೆಯ ತೇವದ ಗಾಳಿಗಿಂತ ಕ್ಯಾಮೆರಾ ತಣ್ಣಗಿದ್ದರೆ ಲೆನ್ಸ್ ಬೆವರುತ್ತದೆ. ಮುಚ್ಚಿದ ಚೀಲದಲ್ಲೇ ಅರ್ಧ ಗಂಟೆ ಬಿಡಿ. ಲೆನ್ಸ್ ಪಕ್ಕದಲ್ಲೇ ಟಾರ್ಚ್ ಹಿಡಿದರೆ ನಿಮ್ಮ ಉಸಿರಿನ ಹಬೆಯೇ ಬೆಳಗಿ ಬಿಳಿ ಮಚ್ಚೆಗಳಾಗುತ್ತವೆ. ಕ್ಯಾಮೆರಾದಿಂದ ದೂರ ಸರಿದು ಪಕ್ಕದಿಂದ ಬೆಳಗಿಸಿ.

ಪ್ರಶ್ನೆ: ಉಕ್ಕಿನ ನಾರು (ಸ್ಟೀಲ್ ವೂಲ್) ಹೊತ್ತಿಸಿ ಕಿಡಿ ಹಾರಿಸುವುದನ್ನು ಸುರಂಗದಲ್ಲಿ ಮಾಡಬಹುದೇ?

ಉತ್ತರ: ಬೇಡ. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರಷ್ಟಿದ್ದರೆ ಒಂದು ಕಿಡಿ ಸಾಕು ಸ್ಫೋಟಕ್ಕೆ. ಮೀಥೇನ್‌ಗೆ ವಾಸನೆಯಿಲ್ಲ. ಚರಂಡಿಯ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯಂತೆ ನಾರುತ್ತದಾದರೂ ಹೆಚ್ಚಿದಾಗ ಮೂಗನ್ನೇ ಮರಗಟ್ಟಿಸುತ್ತದೆ. ಕಿಡಿ ಬಿಟ್ಟು, ದಾರದ ತುದಿಗೆ ಎಲ್‌ಇಡಿ ಕಟ್ಟಿ ತಿರುಗಿಸಿ. ಅನುಮತಿಯಿರುವ ಸುರಂಗಕ್ಕೂ ಗ್ಯಾಸ್ ಮೀಟರ್ ಇಲ್ಲದೆ ಇಳಿಯಬೇಡಿ: ಆಮ್ಲಜನಕ ಸಾಮಾನ್ಯವಾಗಿ ಶೇ. 20.9, 19.5ಕ್ಕಿಂತ ಕೆಳಗಿಳಿದರೆ ಸಾಮಾನು ಅಲ್ಲೇ ಬಿಟ್ಟು ಹೊರಬನ್ನಿ. ಹೊರಗೊಬ್ಬರು ಕಾಯುತ್ತಿರಲಿ. ಮಳೆಯ ಸೂಚನೆಯಿದ್ದರೆ ಚರಂಡಿ ಸುರಂಗದ ಯೋಚನೆಯೇ ಬೇಡ. ಬಾವಲಿಗಳು ನೇತಾಡುತ್ತಿರುವ ಕಡೆ ಟಾರ್ಚ್ ಬಿಡಬೇಡಿ.