ಪಿಟ್ಸ್‌ಬರ್ಗ್ ಜನಕ್ಕೆ ಸ್ಟೀಲರ್ಸ್ ಮೇಲೆ ಇರುವಷ್ಟು ಪ್ರೀತಿ ಪೈರೇಟ್ಸ್ ಮೇಲೆ ಯಾಕಿಲ್ಲ?

ಇದೆ ರೀ, ಅಷ್ಟೇ ಇದೆ. ನೀವು ಊರಿಗೆ ಹೊಸಬರು ಅಂತ ಬರೆದಿದ್ದೀರಿ. ಅಮೆರಿಕನ್ ಫುಟ್‌ಬಾಲ್ ಟೀಮ್ ಸ್ಟೀಲರ್ಸ್ ಆಡುವ ಭಾನುವಾರ ಊರಿಗೆ ಊರೇ ಕಪ್ಪು-ಹಳದಿ ಬಟ್ಟೆ ಹಾಕುತ್ತದೆ. ಅವರ ಮೈದಾನದಿಂದ ನಡೆದು ಹೋಗುವಷ್ಟು ಹತ್ತಿರದ ಬೇಸ್‌ಬಾಲ್ ಮೈದಾನದಲ್ಲಿ ಪೈರೇಟ್ಸ್ ಆಡುವಾಗ ಎಷ್ಟೋ ಸೀಟು ಖಾಲಿ. ಇದನ್ನು ನೋಡಿದ ಯಾರಿಗಾದರೂ ನಿಮ್ಮ ಪ್ರಶ್ನೆಯೇ ಬರುತ್ತದೆ. ನನಗೂ ಬಂದಿತ್ತು.

ನಾನು ಬಂದದ್ದು 2009ರ ಜನವರಿಯಲ್ಲಿ. ಫೆಬ್ರವರಿ 1ಕ್ಕೆ ಸ್ಟೀಲರ್ಸ್ ತಮ್ಮ ಆರನೇ ಸೂಪರ್ ಬೌಲ್, ಅಂದರೆ ಫುಟ್‌ಬಾಲ್ ಲೀಗಿನ ಫೈನಲ್, ಗೆದ್ದರು. ಆಟದ ನಿಯಮ ನನಗೆ ಒಂದೂ ಗೊತ್ತಿರಲಿಲ್ಲ. ಪಕ್ಕದ ಮನೆಯ ಯಜಮಾನರು ಅವತ್ತು ಬೆಳಿಗ್ಗೆಯೇ ಬಾಗಿಲು ತಟ್ಟಿ ಒಂದು ಹಳದಿ ಟವೆಲ್ ಕೈಗಿಟ್ಟರು. 'ಟೆರಿಬಲ್ ಟವೆಲ್' ಅಂತ ಅದರ ಹೆಸರು. 1975ರಲ್ಲಿ ಮೈರನ್ ಕೋಪ್ ಎಂಬ ರೇಡಿಯೊ ಕಾಮೆಂಟರಿಯವರು ಶುರು ಮಾಡಿದ್ದು. 1996ರಲ್ಲಿ ಅವರು ಅದರ ಹಕ್ಕನ್ನು ಬುದ್ಧಿ ಬೆಳವಣಿಗೆ ಕಡಿಮೆ ಇರುವವರನ್ನು ನೋಡಿಕೊಳ್ಳುವ ಶಾಲೆಯೊಂದಕ್ಕೆ ಬರೆದುಕೊಟ್ಟರು. ಅವರ ಮಗನೂ ಅಲ್ಲೇ ಇದ್ದ. ಇವತ್ತಿಗೂ ಆ ಟವೆಲ್ ಮಾರಿದ ಹಣ ಅಲ್ಲಿಗೆ ಹೋಗುತ್ತದೆ. ಇದನ್ನು ಹೇಳುವಾಗ ಯಜಮಾನರ ಕಣ್ಣು ಒದ್ದೆಯಾಗಿತ್ತು.

ಅವರು ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು. 1980ರ ದಶಕದಲ್ಲಿ ಇಲ್ಲಿನ ಕಾರ್ಖಾನೆಗಳು ಸಾಲಾಗಿ ಬಾಗಿಲು ಹಾಕಿದಾಗ ಅವರ ಇಬ್ಬರು ತಮ್ಮಂದಿರು ಕೆಲಸ ಹುಡುಕಿಕೊಂಡು ಊರು ಬಿಟ್ಟರು. ಹಾಗೆ ಹೋದವರು ಸಾವಿರಾರು ಜನ. ಅಮೆರಿಕದ ಯಾವ ಊರಿಗೆ ಹೋದರೂ ಸ್ಟೀಲರ್ಸ್ ಅಭಿಮಾನಿಗಳು ಸೇರುವ ಬಾರ್ ಒಂದು ಸಿಗುವುದು ಇದೇ ಕಾರಣಕ್ಕೆ. 70ರ ದಶಕದಲ್ಲಿ ಟೀಮ್ ನಾಲ್ಕು ಸೂಪರ್ ಬೌಲ್ ಗೆದ್ದಿತ್ತು. ಊರು ಬಿಟ್ಟವರು ಆ ನೆನಪನ್ನೂ ಜೊತೆಗೇ ಕಟ್ಟಿಕೊಂಡು ಹೋದರು.

ಆದರೆ ಸ್ಟೀಲರ್ಸ್ ಕೂಡ ಮೊದಲಿನಿಂದಲೂ ಹೀಗಿರಲಿಲ್ಲ. 1933ರಲ್ಲಿ ಹುಟ್ಟಿದ ಟೀಮ್ ಪ್ಲೇಆಫ್‌ನಲ್ಲಿ, ಅಂದರೆ ಸೀಸನ್ ಕೊನೆಯ ನಾಕೌಟ್ ಸುತ್ತಿನಲ್ಲಿ, ಮೊದಲ ಪಂದ್ಯ ಗೆದ್ದದ್ದು 1972ರಲ್ಲಿ. ಶುರುವಿನಲ್ಲಿ ಅದಕ್ಕೆ ಸ್ವಂತ ಹೆಸರೂ ಇರಲಿಲ್ಲ, ಬೇಸ್‌ಬಾಲ್ ಟೀಮಿನ 'ಪೈರೇಟ್ಸ್' ಹೆಸರನ್ನೇ ಇಟ್ಟುಕೊಂಡಿತ್ತು. ಆಗ ಇದು ಬೇಸ್‌ಬಾಲ್ ಊರು.

ನಾನು ಬಂದ 2009ರ ಬೇಸಿಗೆಯಲ್ಲಿ ಯಜಮಾನರು ನನ್ನನ್ನು ಪೈರೇಟ್ಸ್ ಆಟಕ್ಕೆ ಕರೆದುಕೊಂಡು ಹೋದರು. ಗೆಲುವಿಗಿಂತ ಸೋಲೇ ಜಾಸ್ತಿಯಾಗಿ ಟೀಮಿಗೆ ಅದು ಸತತ 17ನೇ ವರ್ಷ. ನಮ್ಮ ಸಾಲಿನಲ್ಲಿ ಇದ್ದವರು ನಾವಿಬ್ಬರೇ. ಅವರ ತೊಡೆಯ ಮೇಲೆ ಸ್ಕೋರ್ ಹಾಳೆ, ಕೈಯಲ್ಲಿ ಮೊಂಡು ಪೆನ್ಸಿಲ್. ಪ್ರತಿ ಎಸೆತ ಆದಮೇಲೂ ಹಾಳೆಯಲ್ಲಿ ಒಂದು ಗುರುತು. ಟೀಮ್ ಏಳು ರನ್ ಹಿಂದೆ ಬಿತ್ತು. ಜನ ಎದ್ದು ಹೋದರು. ಅವರು ಮಾತ್ರ ಕೊನೆಯ ಆಟಗಾರ ಔಟ್ ಆಗುವ ತನಕ ಬರೆಯುತ್ತಲೇ ಇದ್ದರು. ಮಡಚಿ ಜೇಬಿಗಿಟ್ಟುಕೊಂಡು, "ನಾಳೆಯೂ ಆಟ ಇದೆ" ಅಂದರು.

ಫುಟ್‌ಬಾಲ್ ಊರ ತೇರಿನ ಹಾಗೆ. ಸೀಸನ್ನಿಗೆ 17 ಪಂದ್ಯ, ಊರಲ್ಲಿ ನಡೆಯುವುದು ಎಂಟೋ ಒಂಬತ್ತೋ. ಎಲ್ಲರೂ ಸೇರಿ ಎಳೆಯುತ್ತಾರೆ. ಬೇಸ್‌ಬಾಲ್ ದಿನಾ ಸಂಜೆ ದೀಪ ಹಚ್ಚುವ ಹಾಗೆ. 162 ಪಂದ್ಯ, ಅದರಲ್ಲಿ 81 ಊರಲ್ಲೇ. ಮಂಗಳವಾರ ರಾತ್ರಿ ಯಾರು ಬಂದರು ಅಂತ ಎಣಿಸಿ ಪ್ರೀತಿ ಅಳೆಯುವುದು ಸರಿಯಲ್ಲ.

ದುಡ್ಡಿನ ವಿಷಯವೂ ಇದೆ. ಫುಟ್‌ಬಾಲ್‌ನಲ್ಲಿ ರಾಷ್ಟ್ರೀಯ ಟಿವಿ ಹಣ ಎಲ್ಲ ಟೀಮಿಗೂ ಸಮ, ಆಟಗಾರರ ಸಂಬಳಕ್ಕೂ ಒಂದು ಮಿತಿ ಇದೆ. ಬೇಸ್‌ಬಾಲ್‌ನಲ್ಲಿ ಅಂಥ ಮಿತಿ ಇಲ್ಲ. ದೊಡ್ಡ ಊರಿನ ಟೀಮ್‌ಗಳು ಖರ್ಚು ಮಾಡುತ್ತವೆ, ನಮ್ಮದು ಕಡಿಮೆ ಖರ್ಚಿನವರ ಸಾಲಿನಲ್ಲೇ ಇರುತ್ತದೆ. ಬೆಳೆಸಿದ ಹುಡುಗ ಬೇರೆ ಕಡೆ ಹೋಗುವುದನ್ನು ನೋಡಬೇಕು. ಆಂಡ್ರ್ಯೂ ಮೆಕಚನ್ 2013ರಲ್ಲಿ ಲೀಗಿನ ಶ್ರೇಷ್ಠ ಆಟಗಾರನಾದವನು. 2018ರಲ್ಲಿ ಅವನನ್ನೂ ಸ್ಯಾನ್ ಫ್ರಾನ್ಸಿಸ್ಕೊ ಟೀಮಿಗೆ ಕೊಟ್ಟುಬಿಟ್ಟರು. ಅದೇ ವರ್ಷದ ಮೇ ತಿಂಗಳಲ್ಲಿ ಅವನು ಎದುರಾಳಿಯಾಗಿ ಇಲ್ಲಿ ಬ್ಯಾಟ್ ಹಿಡಿದು ಬಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಖಾಲಿ ಸೀಟು ಕಂಡಾಗ ಇದನ್ನೂ ನೆನಪಿಟ್ಟುಕೊಳ್ಳಿ. ಈಗೀಗ ಮೈದಾನದಲ್ಲಿ "ಟೀಮ್ ಮಾರಿಬಿಡಿ" ಅಂತ ಮಾಲೀಕರಿಗೆ ಕೂಗುತ್ತಾರಲ್ಲ, ಪ್ರೀತಿ ಸತ್ತಿದ್ದರೆ ಯಾರು ಗಂಟಲು ಹರಿದುಕೊಳ್ಳುತ್ತಿದ್ದರು?

2025ರಲ್ಲಿ ಇನ್ನೊಂದು ನಡೆಯಿತು. ಪೈರೇಟ್ಸ್ ಆಟಗಾರ ರೊಬರ್ಟೊ ಕ್ಲೆಮೆಂಟೆ ಇಲ್ಲಿನವರಿಗೆ ದೇವರ ಸಮಾನ. ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಾನು ಒಯ್ಯುತ್ತಿದ್ದಾಗ 1972ರ ಡಿಸೆಂಬರ್ 31ರಂದು ವಿಮಾನ ಬಿದ್ದು ತೀರಿಕೊಂಡವರು. ಅವರ ನಂಬರ್ 21, ಮೈದಾನದ ಬಲಗಡೆ ಗೋಡೆಯ ಎತ್ತರವೂ 21 ಅಡಿ. ಆ ಗೋಡೆಯಲ್ಲಿದ್ದ 21ರ ಗುರುತಿನ ಜಾಗಕ್ಕೆ ಜಾಹೀರಾತು ಬಂತು. ಊರು ಸಿಡಿದೆದ್ದಿತು. ಗುರುತು ವಾಪಸ್ ಬಂತು.

2013ರ ಅಕ್ಟೋಬರ್ 1 ನೋಡಿದ್ದರೆ ನೀವು ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲ. ಸತತ 20 ವರ್ಷದ ಸೋಲಿನ ನಂತರ ಮೊದಲ ಪ್ಲೇಆಫ್ ಪಂದ್ಯ. ಟಿಕೆಟ್ ಸಿಗದೆ ನಾವು ಕ್ಲೆಮೆಂಟೆ ಸೇತುವೆ ಮೇಲೆ ನಿಂತಿದ್ದೆವು. ಒಳಗೆ ನಲವತ್ತು ಸಾವಿರ ಜನ ಎದುರಾಳಿ ಸಿನ್ಸಿನಾಟಿ ಟೀಮಿನ ಪಿಚರ್ (ಚೆಂಡೆಸೆಯುವವನು) ಜಾನಿ ಕ್ವೆಟೊ ಹೆಸರನ್ನು "ಕ್ವೇ...ಟೋ" ಅಂತ ರಾಗ ಎಳೆದು ಕೂಗುತ್ತಿದ್ದರು. ಅವನ ಕೈಯಿಂದ ಚೆಂಡು ಜಾರಿ ಬಿತ್ತು. ಮುಂದಿನ ಎಸೆತಕ್ಕೇ ನಮ್ಮ ರಸೆಲ್ ಮಾರ್ಟಿನ್ ಚೆಂಡನ್ನು ಗೋಡೆಯಾಚೆ ಹೊಡೆದ, ಹೋಮ್ ರನ್. ಯಜಮಾನರು ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಮರುದಿನವೂ ನೋಯುತ್ತಿತ್ತು.

ಅಕ್ಟೋಬರ್ 13ಕ್ಕೆ ಬಿಡುವು ಮಾಡಿಕೊಂಡು ನಮ್ಮೂರಿನ ಓಕ್ಲೆಂಡ್ ಬಡಾವಣೆ ಕಡೆ ಬನ್ನಿ. ವಿಶ್ವವಿದ್ಯಾಲಯದ ಹತ್ತಿರ ಹಳೆಯ ಫೋರ್ಬ್ಸ್ ಫೀಲ್ಡ್ ಮೈದಾನದ ಗೋಡೆ ಒಂದಿಷ್ಟು ಉಳಿದಿದೆ. 1960ರ ಇದೇ ದಿನ ಬಿಲ್ ಮ್ಯಾಜರಾಸ್ಕಿ ಹೊಡೆದ ಹೋಮ್ ರನ್ನಿನಿಂದ ಪೈರೇಟ್ಸ್ 10-9ಕ್ಕೆ ನ್ಯೂಯಾರ್ಕ್ ಯಾಂಕೀಸನ್ನು ಸೋಲಿಸಿ ಬೇಸ್‌ಬಾಲ್‌ನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದರು. 1985ರಲ್ಲಿ ಒಬ್ಬ ಅಭಿಮಾನಿ ಆ ಪಂದ್ಯದ ರೇಡಿಯೊ ಕಾಮೆಂಟರಿ ಟೇಪ್ ತಂದು ಒಬ್ಬನೇ ಕೂತು ಕೇಳಿದ. ಈಗ ಪ್ರತಿ ವರ್ಷ ನೂರಾರು ಜನ ಸೇರುತ್ತಾರೆ. ಚೆಂಡು ಗೋಡೆ ದಾಟಿದ್ದು ಮಧ್ಯಾಹ್ನ 3:36ಕ್ಕೆ, ಟೇಪಿನಲ್ಲೂ ಸರಿಯಾಗಿ ಅದೇ ಹೊತ್ತಿಗೆ ದಾಟುವ ಹಾಗೆ ಹಚ್ಚುತ್ತಾರೆ. ಯಜಮಾನರು ಮಡಚುವ ಕುರ್ಚಿ ತರುತ್ತಾರೆ, ಸ್ಕೋರ್ ಹಾಳೆಯನ್ನೂ. 1960ರಲ್ಲಿ ಅವರಿಗೆ ಹನ್ನೆರಡು ವರ್ಷ. ಪ್ರತಿ ಎಸೆತವೂ ಬಾಯಿಪಾಠ, ಆದರೂ ಮೊದಲಿನಿಂದ ಬರೆಯುತ್ತಾರೆ.